ಬೇಗ ಕತ್ತಲಾಗುವ ಊರಿನ ಚಳಿಗಾಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಉತ್ತರದ ಶೀತ ನಗರಗಳಲ್ಲಿ ನೆಲೆಸಿರುವ ಓದುಗರಿಂದ ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಚಳಿಗಾಲವನ್ನೇ ಕುರಿತಾಗಿದ್ದುದರಿಂದ ಅಂಕಣವನ್ನು ಇಡಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ. ಪತ್ರಗಳನ್ನು ಸಂಕ್ಷೇಪಿಸಿ, ಬರೆದವರ ಹೆಸರುಗಳನ್ನು ಕೈಬಿಟ್ಟಿದ್ದೇನೆ. ಬಹುತೇಕ ಪತ್ರಗಳು ಚಳಿಯ ಬಗ್ಗೆ ಕೇಳುತ್ತವೆ. ಆದರೆ ಅವುಗಳನ್ನು ಒಟ್ಟಿಗಿಟ್ಟು ಓದಿದಾಗ, ಜನರನ್ನು ಚಳಿಗಿಂತಲೂ ಹೆಚ್ಚಾಗಿ ಕುಗ್ಗಿಸುತ್ತಿರುವುದು ಬೆಳಕಿನ ಕೊರತೆ ಮತ್ತು ಬಾಗಿಲು ಹಾಕಿಕೊಂಡು ಕಳೆಯುವ ತಿಂಗಳುಗಳು ಎಂದು ನನಗೆ ಅನ್ನಿಸಿತು. ಆದ್ದರಿಂದ ಅಂಥ ಪತ್ರದಿಂದಲೇ ಆರಂಭಿಸುತ್ತೇನೆ.

ಪ್ರಶ್ನೆ: ನಾನು ಕೆನಡಾದ ಎಡ್ಮಂಟನ್‌ನಲ್ಲಿ ಸಂಶೋಧನಾ ವಿದ್ಯಾರ್ಥಿನಿ. ಇದು ನನ್ನ ಎರಡನೆಯ ಚಳಿಗಾಲ. ನವೆಂಬರ್ ಬಂತೆಂದರೆ ಬೆಳಿಗ್ಗೆ ಏಳುವುದೇ ಕಷ್ಟ. ಹತ್ತು ಗಂಟೆ ನಿದ್ರಿಸಿದರೂ ದಣಿವು ಹೋಗುವುದಿಲ್ಲ, ಸಿಹಿ ತಿನ್ನುವ ಆಸೆ ಹಿಡಿತಕ್ಕೆ ಸಿಗುವುದಿಲ್ಲ, ಗೆಳತಿಯರ ಕರೆಗಳಿಗೆ ಉತ್ತರಿಸುವುದನ್ನೂ ಬಿಟ್ಟಿದ್ದೇನೆ. ಕಳೆದ ವರ್ಷ ಏಪ್ರಿಲ್‌ನಲ್ಲಿ ಎಲ್ಲವೂ ತಾನಾಗಿ ಸರಿಹೋಗಿತ್ತು. ಇದು ಸೋಮಾರಿತನ ಎಂದು ಮನೆಯವರು ಹೇಳುತ್ತಾರೆ. ನಿಜವೇ?

ಉತ್ತರ: ನಿಜವಲ್ಲ, ಈ ಮಾತನ್ನು ನಿಮ್ಮ ಮನೆಯವರಿಗೂ ಓದಿ ಹೇಳಿ. ಅತಿನಿದ್ರೆ, ತೀರದ ದಣಿವು, ಸಿಹಿಯ ಹಂಬಲ, ಜನರಿಂದ ದೂರ ಸರಿಯುವುದು, ಇವೆಲ್ಲ ಶರತ್ಕಾಲದ ಕೊನೆಗೆ ಶುರುವಾಗಿ ವಸಂತದಲ್ಲಿ ತಾವಾಗಿಯೇ ಮರೆಯಾಗುವುದು, ವೈದ್ಯರಿಗೆ ಚೆನ್ನಾಗಿ ಪರಿಚಯವಿರುವ ಸ್ಥಿತಿ. ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿದ್ದ ನಾರ್ಮನ್ ರೋಸೆಂಥಾಲ್ ಮತ್ತು ಸಹೋದ್ಯೋಗಿಗಳು 1984ರಲ್ಲಿ ಇದನ್ನು ಋತುಮಾನದ ಖಿನ್ನತೆಯೆಂದು ಗುರುತಿಸಿ ವಿವರಿಸಿದರು. ಸತತ ಎರಡು ವರ್ಷ ಒಂದೇ ಋತುವಿನಲ್ಲಿ ಮರುಕಳಿಸುವುದನ್ನು ವೈದ್ಯರು ಮುಖ್ಯ ಸೂಚನೆಯಾಗಿ ಪರಿಗಣಿಸುತ್ತಾರೆ. ನಿಮ್ಮದು ಎರಡನೆಯ ಚಳಿಗಾಲ. ಹೀಗಾಗಿ ಏಪ್ರಿಲ್ ಬರಲಿ ಎಂದು ಕಾಯದೆ ಈಗಲೇ ವಿಶ್ವವಿದ್ಯಾಲಯದ ವೈದ್ಯರನ್ನು ಕಾಣುವುದು ಸರಿ. ಕಾಯಿಲೆಗೆ ಹೆಸರಿಡುವ ಕೆಲಸ ಅವರದು. ಥೈರಾಯ್ಡ್ ಕೊರತೆ, ರಕ್ತಹೀನತೆಯಂತಹ ತೊಂದರೆಗಳೂ ಇಂಥದೇ ದಣಿವನ್ನು ತರುವುದರಿಂದ ಅವುಗಳನ್ನೂ ಪರೀಕ್ಷಿಸಬೇಕಾಗುತ್ತದೆ.

ಹೀಗೇಕಾಗುತ್ತದೆ ಎಂಬುದನ್ನು ತಿಳಿದರೆ ಪರಿಹಾರ ತಾನಾಗಿ ಅರ್ಥವಾಗುತ್ತದೆ. ಕಣ್ಣಿನ ಹಿಂಪರದೆಯಲ್ಲಿ ನೋಟಕ್ಕೆ ನೆರವಾಗುವ ಕೋಶಗಳಲ್ಲದೆ, ಸುತ್ತಲಿನ ಬೆಳಕು ಎಷ್ಟು ಪ್ರಖರವಾಗಿದೆ ಎಂಬುದನ್ನು ಅಳೆದು ಮಿದುಳಿನ ಒಳಗಿರುವ ಜೈವಿಕ ಗಡಿಯಾರಕ್ಕೆ ತಿಳಿಸುವ ಬೇರೊಂದು ಬಗೆಯ ಕೋಶಗಳಿವೆ. ಬೆಳಗಿನ ಪ್ರಖರ ಬೆಳಕು ಅವುಗಳನ್ನು ತಲುಪಿದಾಗ ನಿದ್ರೆಗೆ ಸಂಬಂಧಿಸಿದ ಮೆಲಟೋನಿನ್ ಇಳಿಯುತ್ತದೆ, ಗಡಿಯಾರವು ಹಗಲಿಗೆ ಹೊಂದಿಕೊಳ್ಳುತ್ತದೆ. ಎಡ್ಮಂಟನ್‌ನಲ್ಲಿ ಡಿಸೆಂಬರ್ ಕೊನೆಯ ವಾರಗಳ ಹಗಲು ಸುಮಾರು ಏಳೂವರೆ ಗಂಟೆ ಮಾತ್ರ. ಸೂರ್ಯ ಹುಟ್ಟುವ ಮೊದಲೇ ಪ್ರಯೋಗಾಲಯ ಸೇರಿ, ಮುಳುಗಿದ ಮೇಲೆ ಹೊರಬರುವವರ ಪಾಲಿಗೆ ಆ ಏಳೂವರೆ ಗಂಟೆಯೂ ದಕ್ಕುವುದಿಲ್ಲ. ಒಳಗಿನ ದೀಪಗಳು ಸಾಕಲ್ಲವೇ ಎಂದು ನಮಗೆ ಅನ್ನಿಸುವುದು ಕಣ್ಣು ಕಡಿಮೆ ಬೆಳಕಿಗೂ ಬೇಗ ಒಗ್ಗಿಕೊಳ್ಳುವುದರಿಂದ. ಬೆಳಕನ್ನು ಲಕ್ಸ್ ಎಂಬ ಮಾನದಲ್ಲಿ ಅಳೆದರೆ, ಸಾಮಾನ್ಯ ಮನೆಯ ಕೋಣೆಯಲ್ಲಿ 100ರಿಂದ 300, ಚೆನ್ನಾಗಿ ಬೆಳಗಿದ ಕಚೇರಿಯಲ್ಲಿ 500ರ ಆಸುಪಾಸು ಇರುತ್ತದೆ. ಮೋಡ ಕವಿದ ಮಧ್ಯಾಹ್ನವೂ ಹೊರಗೆ ಸಾವಿರಾರು ಲಕ್ಸ್ ಬೆಳಕಿರುತ್ತದೆ. ಹೊಸದಾಗಿ ಬಿದ್ದ ಹಿಮವು ತನ್ನ ಮೇಲೆ ಬಿದ್ದ ಬೆಳಕಿನ ಶೇಕಡಾ 80ಕ್ಕೂ ಹೆಚ್ಚನ್ನು ಹಿಂದಿರುಗಿಸುವುದರಿಂದ, ಬಿಸಿಲಿರುವ ಚಳಿಗಾಲದ ಹಗಲು ಕಣ್ಣು ಕೋರೈಸುವಷ್ಟು ಪ್ರಖರವಾಗಿರುತ್ತದೆ.

ಆದ್ದರಿಂದ ನೀವು ಮಾಡಬೇಕಾದ ಮೊದಲ ಕೆಲಸ ಪ್ರತಿದಿನ ಸೂರ್ಯೋದಯದ ನಂತರ, ಸಾಧ್ಯವಾದಷ್ಟೂ ಮಧ್ಯಾಹ್ನಕ್ಕೆ ಮುಂಚೆ, ಅರ್ಧ ಗಂಟೆ ಹೊರಗೆ ನಡೆಯುವುದು. ಆ ಹೊತ್ತನ್ನು ತರಗತಿಯಂತೆ ವೇಳಾಪಟ್ಟಿಯಲ್ಲಿ ಬರೆದಿಟ್ಟುಕೊಳ್ಳಿ. ಮನಸ್ಸಾದಾಗ ಹೋಗೋಣ ಎಂದುಕೊಂಡರೆ ಈ ಸ್ಥಿತಿಯಲ್ಲಿ ಮನಸ್ಸಾಗುವುದೇ ಇಲ್ಲ. ಎರಡನೆಯದು, ಬೆಳಕಿನ ಚಿಕಿತ್ಸೆಗೆಂದೇ ತಯಾರಾದ ದೀಪ. ಅದು ಸೂಚಿಸಿದ ಅಂತರದಲ್ಲಿ 10,000 ಲಕ್ಸ್ ನೀಡುವಂತಿರಬೇಕು, ನೇರಳಾತೀತ ಕಿರಣಗಳನ್ನು ತಡೆಯುವಂತಿರಬೇಕು. ಎದ್ದ ಒಂದು ಗಂಟೆಯೊಳಗೆ 20ರಿಂದ 30 ನಿಮಿಷ ಅದನ್ನು ಎದುರಿಗಿಟ್ಟುಕೊಂಡು ತಿಂಡಿ ತಿನ್ನಬಹುದು, ಓದಬಹುದು. ದೀಪವನ್ನೇ ದಿಟ್ಟಿಸುವ ಅಗತ್ಯವಿಲ್ಲ. ಸಂಜೆ ಅಥವಾ ರಾತ್ರಿ ಬಳಸಿದರೆ ನಿದ್ರೆ ಕೆಡುತ್ತದೆ. ಕಣ್ಣಿನ ಕಾಯಿಲೆಯಿರುವವರು, ಚರ್ಮ ಅಥವಾ ಕಣ್ಣುಗಳನ್ನು ಬೆಳಕಿಗೆ ಸೂಕ್ಷ್ಮವಾಗಿಸುವ ಔಷಧಿ ಸೇವಿಸುವವರು, ಉನ್ಮಾದ ಮತ್ತು ಖಿನ್ನತೆ ಎರಡೂ ಬಂದುಹೋಗುವ ಬೈಪೋಲಾರ್ ತೊಂದರೆಯಿರುವವರು ವೈದ್ಯರನ್ನು ಕೇಳದೆ ಈ ದೀಪವನ್ನು ಬಳಸಕೂಡದು.

ಮೂರನೆಯದನ್ನು ಹೇಳಲು ಜನರು ಮರೆಯುತ್ತಾರೆ. ವರ್ಮಾಂಟ್ ವಿಶ್ವವಿದ್ಯಾಲಯದ ಸಂಶೋಧಕರು ಬೆಳಕಿನ ಚಿಕಿತ್ಸೆಯನ್ನೂ, ಋತುಮಾನದ ಖಿನ್ನತೆಗೆಂದೇ ರೂಪಿಸಿದ ಮಾತಿನ ಚಿಕಿತ್ಸೆಯನ್ನೂ ಹೋಲಿಸಿ ನೋಡಿದ್ದಾರೆ. ಆ ಚಳಿಗಾಲದಲ್ಲಿ ಎರಡೂ ಸರಿಸುಮಾರು ಸಮನಾಗಿ ನೆರವಾದವು. ಎರಡು ಚಳಿಗಾಲಗಳ ನಂತರ ನೋಡಿದಾಗ ಮಾತಿನ ಚಿಕಿತ್ಸೆ ಪಡೆದವರಲ್ಲಿ ಮರುಕಳಿಕೆ ಕಡಿಮೆಯಿತ್ತು. ಚಳಿಗಾಲದ ಬಗ್ಗೆ ತಾವು ಏನೆಂದುಕೊಳ್ಳುತ್ತೇವೆ ಎಂಬುದನ್ನು ಪರಿಶೀಲಿಸುವುದು, ಕೈಬಿಟ್ಟ ಒಡನಾಟ ಮತ್ತು ಹವ್ಯಾಸಗಳನ್ನು ಒಂದೊಂದಾಗಿ ಮತ್ತೆ ಹಿಡಿಯುವುದು ಅದರ ತಿರುಳು. ನೀವು ಇಂದೇ ಮಾಡಬಹುದಾದ ಭಾಗವೂ ಅದರಲ್ಲಿದೆ: ಉತ್ತರಿಸದೆ ಬಿಟ್ಟ ಕರೆಗಳಲ್ಲಿ ಒಂದಕ್ಕೆ ಉತ್ತರಿಸಿ, ಆ ಗೆಳತಿಯನ್ನೇ ನಾಳೆಯ ಅರ್ಧ ಗಂಟೆಯ ನಡಿಗೆಗೆ ಕರೆಯಿರಿ. ಬದುಕೇ ಬೇಡ ಎಂಬ ಯೋಚನೆ ಎಂದಾದರೂ ಸುಳಿದರೆ ವೈದ್ಯರ ಸರದಿಗಾಗಿ ಕಾಯಬೇಡಿ. ಆ ಗಳಿಗೆಯಲ್ಲೇ ತುರ್ತು ಸೇವೆಗೆ ಕರೆ ಮಾಡಿ, ಹತ್ತಿರದಲ್ಲಿರುವ ಯಾರಿಗಾದರೂ ಹೇಳಿ.

ಪ್ರಶ್ನೆ: ಕೆನಡಾದ ವಿನಿಪೆಗ್‌ನ ಗೋದಾಮೊಂದರಲ್ಲಿ ಕೆಲಸ ಮಾಡುತ್ತೇನೆ. ಬೆಳಗಿನ ಜಾವ ಬಸ್ಸಿಗಾಗಿ 20 ನಿಮಿಷ ನಿಲ್ಲಬೇಕು. ದಪ್ಪ ಜಾಕೆಟ್ ಇದೆ, ಮೂರು ಜೊತೆ ಕಾಲುಚೀಲ ಹಾಕಿಕೊಳ್ಳುತ್ತೇನೆ, ಆದರೂ ಕಾಲ್ಬೆರಳುಗಳು ಮರಗಟ್ಟುತ್ತವೆ. ಕಳೆದ ವಾರ ಕಿವಿಯ ಅಂಚು ಬೆಳ್ಳಗಾಗಿ ಮುಟ್ಟಿದರೂ ತಿಳಿಯದಂತಾಯಿತು. ಹಿಮದಿಂದ ಉಜ್ಜಲು ಜೊತೆಯವರು ಹೇಳಿದರು. ಹವಾಮಾನ ವರದಿಯಲ್ಲಿ ಎರಡು ಸಂಖ್ಯೆಗಳನ್ನು ಹೇಳುತ್ತಾರೆ, ಯಾವುದನ್ನು ನಂಬಬೇಕು?

ಉತ್ತರ: ನಾಳೆಯಿಂದ ಎರಡು ಜೊತೆ ಕಾಲುಚೀಲಗಳನ್ನು ತೆಗೆದುಬಿಡಿ. ಬೆಚ್ಚಗಿಡುವುದು ಬಟ್ಟೆಯ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಮೂರು ಜೊತೆ ಕಾಲುಚೀಲಗಳನ್ನು ಬೂಟಿನೊಳಗೆ ತುರುಕಿದರೆ ಆ ಗಾಳಿಗೆ ಜಾಗವಿರುವುದಿಲ್ಲ, ಬಿಗಿತದಿಂದ ಬೆರಳುಗಳಿಗೆ ರಕ್ತವೂ ಸರಿಯಾಗಿ ಹರಿಯುವುದಿಲ್ಲ. ಒಂದು ಜೊತೆ ಉಣ್ಣೆಯ ಕಾಲುಚೀಲ, ಬೆರಳುಗಳನ್ನು ಸಲೀಸಾಗಿ ಅಲ್ಲಾಡಿಸುವಷ್ಟು ಸಡಿಲವಾದ ಚಳಿಗಾಲದ ಬೂಟು, ಅದರೊಳಗೆ ದಪ್ಪನೆಯ ಉಣ್ಣೆಯ ಅಟ್ಟೆ ಸಾಕು. ನಿಂತಲ್ಲಿ ಕಾಲಿನ ಶಾಖವನ್ನು ಹೆಪ್ಪುಗಟ್ಟಿದ ನೆಲವೇ ಹೀರುವುದರಿಂದ ಅಟ್ಟೆಯ ದಪ್ಪಕ್ಕೆ ಮಹತ್ವವಿದೆ. ಬೂಟನ್ನು ಪ್ರತಿ ರಾತ್ರಿ ಪೂರ್ತಿಯಾಗಿ ಒಣಗಿಸಿ. ನಿನ್ನೆಯ ಬೆವರು ಉಳಿದಿರುವ ಬೂಟು ಎಷ್ಟು ಬೆಲೆಯದಾದರೂ ಇಂದು ಕಾಲನ್ನು ಕೊರೆಯುತ್ತದೆ.

ಮೈಗೂ ಇದೇ ನಿಯಮ. ಒಂದೇ ದಪ್ಪ ಜಾಕೆಟ್ಟಿಗಿಂತ ಮೂರು ಪದರಗಳು ಮೇಲು: ಮೈಗೆ ತಾಗುವಂತೆ ಬೆವರನ್ನು ಹೊರಗೆ ದಾಟಿಸುವ ಉಣ್ಣೆಯ ಅಥವಾ ಪಾಲಿಯೆಸ್ಟರ್‌ನ ಥರ್ಮಲ್, ಅದರ ಮೇಲೆ ಗಾಳಿಯನ್ನು ಹಿಡಿದಿಡುವ ಫ್ಲೀಸ್ ಅಥವಾ ಉಣ್ಣೆಯ ಅಂಗಿ, ಹೊರಗೆ ಗಾಳಿ ನುಗ್ಗದ ಕೋಟು. ಒಳಪದರ ಹತ್ತಿಯದಾಗಿರಬಾರದು. ಹತ್ತಿ ಬೆವರನ್ನು ಕುಡಿದು ಒದ್ದೆಯಾಗಿಯೇ ಉಳಿಯುತ್ತದೆ. ಗೋದಾಮಿನಲ್ಲಿ ಬೆವರಿ ಅದೇ ಅಂಗಿಯಲ್ಲಿ ಬಸ್ಸಿಗೆ ಕಾಯುವವರು ಒದ್ದೆ ಬಟ್ಟೆಯಲ್ಲಿ ಚಳಿಗೆ ನಿಂತಂತೆಯೇ. ಪಾಳಿ ಮುಗಿದ ಮೇಲೆ ಒಣ ಥರ್ಮಲ್‌ಗೆ ಬದಲಾಯಿಸಿಕೊಂಡು ಹೊರಡುವ ಅಭ್ಯಾಸ ಮಾಡಿಕೊಂಡರೆ ನಿಮ್ಮ ಅರ್ಧ ಕಷ್ಟ ಅಲ್ಲಿಯೇ ತೀರುತ್ತದೆ ಎಂದು ನನ್ನ ಅನುಭವದಿಂದ ಹೇಳಬಲ್ಲೆ. ಬೆರಳುಗಳು ಬೇರೆಬೇರೆಯಾಗಿರುವ ಕೈಗವಸಿಗಿಂತ ನಾಲ್ಕು ಬೆರಳುಗಳೂ ಒಟ್ಟಿಗಿರುವ ಮಿಟನ್ ಹೆಚ್ಚು ಬೆಚ್ಚಗಿರುತ್ತದೆ. ಟೋಪಿ ಕಿವಿಯ ಹಾಲೆಯವರೆಗೂ ಇಳಿಯಬೇಕು.

ಎರಡು ಸಂಖ್ಯೆಗಳಲ್ಲಿ ಒಂದು ಗಾಳಿಯ ನಿಜವಾದ ಉಷ್ಣಾಂಶ. ಇನ್ನೊಂದು ವಿಂಡ್ ಚಿಲ್, ಅಂದರೆ ಬೀಸುಗಾಳಿಯು ಮೈಯ ಸುತ್ತಲಿನ ಬೆಚ್ಚನೆಯ ತೆಳುಪದರವನ್ನು ಒಯ್ದುಬಿಡುವುದರಿಂದ ತೆರೆದ ಚರ್ಮಕ್ಕೆ ಎಷ್ಟು ಶೀತವೆನಿಸುತ್ತದೆ ಎಂಬ ಲೆಕ್ಕ. ಅಮೆರಿಕದ ಸಂಶೋಧಕರಾದ ಪಾಲ್ ಸೈಪಲ್ ಮತ್ತು ಚಾರ್ಲ್ಸ್ ಪ್ಯಾಸೆಲ್ ಅಂಟಾರ್ಕ್ಟಿಕಾದಲ್ಲಿ ನೀರು ಹೆಪ್ಪುಗಟ್ಟಲು ತಗಲುವ ಸಮಯವನ್ನು ಅಳೆದು ಇದಕ್ಕೆ ಬುನಾದಿ ಹಾಕಿದರು. ಕೆನಡಾ ಮತ್ತು ಅಮೆರಿಕ 2001ರಲ್ಲಿ ಪರಿಷ್ಕರಿಸಿದ ಸೂತ್ರ ಈಗ ಬಳಕೆಯಲ್ಲಿದೆ. ಉಷ್ಣಾಂಶ ಮೈನಸ್ 20 ಡಿಗ್ರಿಯಿದ್ದು ಗಂಟೆಗೆ 30 ಕಿಲೋಮೀಟರ್ ವೇಗದ ಗಾಳಿಯಿದ್ದರೆ ವಿಂಡ್ ಚಿಲ್ ಮೈನಸ್ 33 ಆಗುತ್ತದೆ. ಕಾರಿಗೂ ನೀರಿನ ಕೊಳವೆಗೂ ಮೊದಲ ಸಂಖ್ಯೆ, ಬಸ್ ನಿಲ್ದಾಣದಲ್ಲಿ ನಿಲ್ಲುವ ನಿಮಗೆ ಎರಡನೆಯದು. ಅದು ಮೈನಸ್ 28ಕ್ಕಿಂತ ಕೆಳಗಿಳಿದರೆ ತೆರೆದ ಚರ್ಮ 10ರಿಂದ 30 ನಿಮಿಷಗಳಲ್ಲಿ ಹೆಪ್ಪುಗಟ್ಟಬಹುದು, ಮೈನಸ್ 40ಕ್ಕಿಂತ ಕೆಳಗೆ 5ರಿಂದ 10 ನಿಮಿಷ ಸಾಕು. ನೀವು ನಿಲ್ಲುವುದು 20 ನಿಮಿಷ ಎಂಬುದನ್ನು ಇದರೊಂದಿಗೆ ಹೋಲಿಸಿಕೊಳ್ಳಿ.

ನಿಮ್ಮ ಕಿವಿಗಾದದ್ದು ಹಿಮಗಡಿತದ ಆರಂಭ. ಹಿಮದಿಂದ ಎಂದಿಗೂ ಉಜ್ಜಬಾರದು. ಹೆಪ್ಪುಗಟ್ಟಿದ ಜೀವಕೋಶಗಳು ಉಜ್ಜಿದಾಗ ಹರಿದು ಗಾಯ ಹೆಚ್ಚುತ್ತದೆ. ಕಿವಿಯಾದರೆ ಒಣಗಿದ ಬೆಚ್ಚನೆಯ ಅಂಗೈಯಿಂದ ಮುಚ್ಚಿ ಹಿಡಿಯಿರಿ. ಕೈಕಾಲಿನ ಬೆರಳಾದರೆ ಒಳಗೆ ಹೋದ ಮೇಲೆ 37ರಿಂದ 39 ಡಿಗ್ರಿಯ ಉಗುರುಬೆಚ್ಚನೆಯ ನೀರಿನಲ್ಲಿ ಅದ್ದಿಡಿ. ಮರಗಟ್ಟಿದ ಬೆರಳಿಗೆ ಬಿಸಿ ತಿಳಿಯದಿರುವುದರಿಂದ ನೀರನ್ನು ಬೇರೆಯವರ ಕೈಯಿಂದ ಪರೀಕ್ಷಿಸಬೇಕು. ಹೀಟರ್, ಬೆಂಕಿಗಳ ಹತ್ತಿರ ಹಿಡಿಯಬಾರದು. ಮತ್ತೆ ಹೊರಗೆ ಹೋಗಿ ಹೆಪ್ಪುಗಟ್ಟುವ ಸಂಭವವಿದ್ದರೆ ಕರಗಿಸದಿರುವುದೇ ಲೇಸು. ಬಣ್ಣ ಮರಳದಿದ್ದರೆ, ಗುಳ್ಳೆಗಳೆದ್ದರೆ, ಚರ್ಮ ಮೇಣದಂತೆ ಗಟ್ಟಿಯಾಗಿದ್ದರೆ ಅಂದೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಓಸ್ಲೋದಲ್ಲಿದ್ದೇನೆ. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ ಬಂದಿದೆ. ಕಿಟಕಿಯ ಬಳಿ ಬಿಸಿಲಿನಲ್ಲಿ ದಿನವೂ ಕುಳಿತರೆ ಸರಿಹೋಗುವುದೇ?

ಉತ್ತರ: ಇಲ್ಲ. ಚರ್ಮದಲ್ಲಿ ವಿಟಮಿನ್ ಡಿ ಉತ್ಪತ್ತಿಯಾಗಲು ಬೇಕಾದ ನೇರಳಾತೀತ ಬಿ ಕಿರಣಗಳನ್ನು ಕಿಟಕಿಯ ಗಾಜು ತಡೆಯುತ್ತದೆ. ಚಳಿಗಾಲದಲ್ಲಿ ಹೊರಗೆ ನಿಂತರೂ ಫಲವಿಲ್ಲ. ಸೂರ್ಯ ಬಾನಂಚಿನಲ್ಲೇ ಉಳಿಯುವುದರಿಂದ ಆ ಕಿರಣಗಳು ವಾತಾವರಣದ ದೀರ್ಘ ಹಾದಿಯಲ್ಲೇ ಹೀರಿಹೋಗುತ್ತವೆ. 1988ರಲ್ಲಿ ಪ್ರಕಟವಾದ ಅಧ್ಯಯನವೊಂದು 42 ಡಿಗ್ರಿ ಅಕ್ಷಾಂಶದ ಬಾಸ್ಟನ್‌ನಲ್ಲಿ ನವೆಂಬರ್‌ನಿಂದ ಫೆಬ್ರುವರಿಯವರೆಗೆ ಬಿಸಿಲಿನಿಂದ ವಿಟಮಿನ್ ಡಿ ಉತ್ಪತ್ತಿಯಾಗದೆಂದೂ, ಇನ್ನೂ ಉತ್ತರದ ಎಡ್ಮಂಟನ್‌ನಲ್ಲಿ ಈ ಅವಧಿ ಅಕ್ಟೋಬರ್‌ನಿಂದ ಮಾರ್ಚ್‌ವರೆಗೆ ಹಿಗ್ಗುತ್ತದೆಂದೂ ತೋರಿಸಿತು. ಓಸ್ಲೋ ಇರುವುದು ಸುಮಾರು 60 ಡಿಗ್ರಿಯಲ್ಲಿ. ಕಪ್ಪು ಅಥವಾ ಕಂದು ಮೈಬಣ್ಣದವರಿಗೆ ಬೇಸಿಗೆಯಲ್ಲೂ ಹೆಚ್ಚು ಹೊತ್ತು ಬಿಸಿಲು ಬೇಕಾಗುವುದರಿಂದ ಅವರ ದಾಸ್ತಾನು ಚಳಿಗಾಲ ಬರುವ ಮೊದಲೇ ಕಡಿಮೆಯಿರುತ್ತದೆ. ಎಣ್ಣೆಯಂಶವಿರುವ ಮೀನು, ವಿಟಮಿನ್ ಸೇರಿಸಿದ ಹಾಲು ಮತ್ತು ಮಾತ್ರೆ, ಇವೇ ದಾರಿಗಳು. ಕೊರತೆಯಿಲ್ಲದ ವಯಸ್ಕರಿಗೆ ದಿನಕ್ಕೆ 10ರಿಂದ 20 ಮೈಕ್ರೋಗ್ರಾಂಗಳನ್ನು ಸಾಮಾನ್ಯವಾಗಿ ಸೂಚಿಸುತ್ತಾರೆ. ನಿಮಗೆ ಕೊರತೆ ಕಂಡುಬಂದಿರುವುದರಿಂದ ಪ್ರಮಾಣವನ್ನು ವೈದ್ಯರೇ ಹೇಳಲಿ. ದಿನಕ್ಕೆ 100 ಮೈಕ್ರೋಗ್ರಾಂ ದಾಟುವಂತೆ ನೀವಾಗಿಯೇ ಸೇವಿಸಬೇಡಿ, ಅತಿಯಾದರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಮೂತ್ರಪಿಂಡಕ್ಕೆ ಹಾನಿಯಾಗುತ್ತದೆ.

ಕಿಟಕಿಯ ಬಳಿ ಕುಳಿತುಕೊಳ್ಳುವುದನ್ನು ಮಾತ್ರ ಬಿಡಬೇಡಿ. ಮೊದಲ ಪತ್ರಕ್ಕೆ ಬರೆದ ಕಾರಣಕ್ಕಾಗಿ ಆ ಬೆಳಕು ಮನಸ್ಸಿಗೆ ಬೇಕು.

ಪ್ರಶ್ನೆ: ಹೀಟರ್ ಶುರುವಾದ ದಿನದಿಂದ ಚರ್ಮ ಬಿರಿಯುತ್ತಿದೆ, ಮಗನಿಗೆ ಮೂಗಿನಲ್ಲಿ ರಕ್ತ ಬರುತ್ತದೆ. ಗಾಳಿಗೆ ತೇವ ಸೇರಿಸುವ ಹ್ಯುಮಿಡಿಫೈಯರ್ ತಂದು ದಿನವಿಡೀ ಓಡಿಸಿದೆವು. ಈಗ ಕಿಟಕಿಯ ಅಂಚುಗಳಲ್ಲಿ ನೀರು ಇಳಿದು ಕಪ್ಪು ಬೂಷ್ಟು ಹಿಡಿದಿದೆ.

ಉತ್ತರ: ಎರಡೂ ತೊಂದರೆಗಳು ಒಂದೇ ಮೂಲದವು. ಮೈನಸ್ 20 ಡಿಗ್ರಿಯ ಗಾಳಿ ಒಂದು ಘನ ಮೀಟರಿಗೆ ಸುಮಾರು ಒಂದು ಗ್ರಾಂ ನೀರಾವಿಯನ್ನಷ್ಟೇ ಹಿಡಿದಿಡಬಲ್ಲದು. ಅದೇ ಗಾಳಿ ಒಳಗೆ ಬಂದು 21 ಡಿಗ್ರಿಗೆ ಬಿಸಿಯಾದಾಗ ಅದಕ್ಕೆ 18 ಗ್ರಾಂ ಹಿಡಿಯುವ ಶಕ್ತಿ ಬರುತ್ತದೆ, ಆದರೆ ಅದರಲ್ಲಿರುವುದು ಆ ಒಂದೇ ಗ್ರಾಂ. ಹೊರಗಿನಿಂದ ಬಂದ ಗಾಳಿಗೆ ಬೇರೆ ತೇವ ಸೇರದಿದ್ದರೆ ಸಾಪೇಕ್ಷ ತೇವಾಂಶ ಶೇಕಡಾ 5ರ ಆಸುಪಾಸಿಗೆ ಇಳಿಯುತ್ತದೆ. ಉಳಿದ ತೇವವನ್ನು ಅದು ನಿಮ್ಮ ಚರ್ಮ, ಮೂಗು, ಗಂಟಲುಗಳಿಂದ ಎಳೆದುಕೊಳ್ಳುತ್ತದೆ. ಹ್ಯುಮಿಡಿಫೈಯರ್ ತಂದದ್ದು ತಪ್ಪಲ್ಲ, ಅಳತೆಯಿಲ್ಲದೆ ಓಡಿಸಿದ್ದು ತಪ್ಪು. ತೇವಾಂಶ ತೋರಿಸುವ ಚಿಕ್ಕ ಮಾಪಕವೊಂದನ್ನು ಇಟ್ಟುಕೊಂಡು ಸಾಮಾನ್ಯ ಚಳಿಯಲ್ಲಿ ಶೇಕಡಾ 30ರಿಂದ 40ರಷ್ಟಿರಲಿ. ಹೊರಗೆ ಮೈನಸ್ 20ಕ್ಕೂ ಕೆಳಗಿಳಿದ ದಿನಗಳಲ್ಲಿ ಅದಕ್ಕಿಂತ ಕಡಿಮೆಯಿರಬೇಕು, ಏಕೆಂದರೆ ಗಾಜು ತಣ್ಣಗಾದಷ್ಟೂ ಬೇಗ ಅದರ ಮೇಲೆ ನೀರು ಇಳಿಯುತ್ತದೆ. ಕಿಟಕಿಯಲ್ಲಿ ಹನಿ ಕಂಡ ಕೂಡಲೇ ಯಂತ್ರ ನಿಲ್ಲಿಸಿ, ಅಂಚನ್ನು ಒರೆಸಿ, ಪರದೆ ಸರಿಸಿ ಬೆಚ್ಚನೆಯ ಗಾಳಿ ಗಾಜಿಗೆ ತಾಗುವಂತೆ ಮಾಡಿ. ಯಂತ್ರದ ತೊಟ್ಟಿಯ ನೀರನ್ನು ದಿನವೂ ಬದಲಿಸಿ.

ಚರ್ಮಕ್ಕೆ ಸುಡುಬಿಸಿ ನೀರಿನ ದೀರ್ಘ ಸ್ನಾನವೇ ದೊಡ್ಡ ಶತ್ರು. ಬೆಚ್ಚನೆಯ ನೀರಿನಲ್ಲಿ ಬೇಗ ಮುಗಿಸಿ, ಮೈ ಇನ್ನೂ ತುಸು ಒದ್ದೆಯಿರುವಾಗಲೇ ಸುವಾಸನೆಯಿಲ್ಲದ ದಪ್ಪ ಕ್ರೀಮು ಅಥವಾ ವ್ಯಾಸಲೀನ್ ಹಚ್ಚಿಕೊಳ್ಳಿ. ಮಗನ ಮೂಗಿಗೆ ಔಷಧಿಯಂಗಡಿಯಲ್ಲಿ ಸಿಗುವ ಉಪ್ಪುನೀರಿನ ಸ್ಪ್ರೇ ಸಾಕಾಗಬಹುದು. ರಕ್ತ ಪದೇಪದೇ ಬಂದರೆ ತೋರಿಸಿ.

ಪ್ರಶ್ನೆ: ಒಂದೂವರೆ ವರ್ಷದ ಮಗುವನ್ನು ಇಂಥ ಚಳಿಯಲ್ಲಿ ಹೊರಗೆ ಕರೆದೊಯ್ಯಬಹುದೇ?

ಉತ್ತರ: ಖಂಡಿತ ಕರೆದೊಯ್ಯಬಹುದು. ಉತ್ತರ ಯುರೋಪಿನ ನಾರ್ಡಿಕ್ ದೇಶಗಳಲ್ಲಿ ಚೆನ್ನಾಗಿ ಹೊದಿಸಿದ ಶಿಶುಗಳನ್ನು ಹಗಲುನಿದ್ರೆಗೆ ತಳ್ಳುಗಾಡಿಯಲ್ಲಿ ಹೊರಗೇ ಮಲಗಿಸುವ ರೂಢಿಯಿದೆ. ಆದರೆ ತಳ್ಳುಗಾಡಿಯಲ್ಲಿ ಕುಳಿತ ಮಗು ನಿಮ್ಮಂತೆ ನಡೆದು ಬಿಸಿಯಾಗುವುದಿಲ್ಲ ಎಂಬುದನ್ನು ನೆನಪಿಡಿ. ನಿಮಗಿಂತ ಒಂದು ಪದರ ಹೆಚ್ಚು ತೊಡಿಸಿ, ಆಗಾಗ ಕತ್ತಿನ ಹಿಂಬದಿಯನ್ನು ಮುಟ್ಟಿ ನೋಡಿ. ಅದು ಬೆಚ್ಚಗಿದ್ದರೆ ಮಗು ಸುಖವಾಗಿದೆ, ಬೆವರಿದ್ದರೆ ಬಟ್ಟೆ ಹೆಚ್ಚಾಗಿದೆ. ಹಿಮಗಡಿತದ ಎಚ್ಚರಿಕೆಯಿರುವ ದಿನ ಮನೆಯಲ್ಲಿಯೇ ಇರಿ. ಕಾರಿನಲ್ಲಿ ಮಗುವಿನ ಆಸನದ ಬೆಲ್ಟನ್ನು ದಪ್ಪ ಜಾಕೆಟ್ಟಿನ ಮೇಲೆ ಕಟ್ಟಬೇಡಿ; ಅಪಘಾತದಲ್ಲಿ ಜಾಕೆಟ್ ಕುಗ್ಗಿ ಬೆಲ್ಟ್ ಸಡಿಲವಾಗುತ್ತದೆ. ಬೆಲ್ಟ್ ಕಟ್ಟಿ ಮೇಲೆ ಹೊದಿಕೆ ಹೊದಿಸಿ.

ಪ್ರಶ್ನೆ: ನನ್ನ ತಂದೆಯವರಿಗೆ 72 ವರ್ಷ. ಮಿನಿಯಾಪೊಲಿಸ್‌ನಲ್ಲಿ ನಮ್ಮ ಜೊತೆಗಿದ್ದಾರೆ. ಕಳೆದ ಚಳಿಗಾಲದಲ್ಲಿ ಮನೆಯ ಮುಂದೆಯೇ ಮಂಜುಗಡ್ಡೆಯ ಮೇಲೆ ಜಾರಿ ಮಣಿಕಟ್ಟು ಮುರಿದುಕೊಂಡರು. ಅಂದಿನಿಂದ ಹೊರಗೆ ಕಾಲಿಡುವುದಿಲ್ಲ. ಇಡೀ ದಿನ ಟಿ.ವಿ.ಯ ಮುಂದಿರುತ್ತಾರೆ, ಮಾತೂ ಕಡಿಮೆಯಾಗಿದೆ. ನಾವು ಕೆಲಸಕ್ಕೆ ಹೋದಾಗ ಹಿಮ ತೆಗೆಯಲು ಮಾತ್ರ ಸಲಿಕೆ ಹಿಡಿಯುತ್ತಾರೆ. ಹೊರಗೆ ಬರುವಂತೆ ಒತ್ತಾಯಿಸಬೇಕೇ, ಬಿಟ್ಟುಬಿಡಬೇಕೇ?

ಉತ್ತರ: ಮೊದಲು ಸಲಿಕೆಯ ಮಾತು. ದಯವಿಟ್ಟು ಇಂದೇ ಅದನ್ನು ಅವರ ಕೈಯಿಂದ ತೆಗೆದುಕೊಳ್ಳಿ. ಚಳಿಯಲ್ಲಿ ರಕ್ತನಾಳಗಳು ಸಂಕುಚಿಸಿ ರಕ್ತದೊತ್ತಡ ಏರಿರುತ್ತದೆ. ಅದರ ಮೇಲೆ ತೋಳುಗಳಿಂದ ಒದ್ದೆ ಹಿಮವನ್ನು ಎತ್ತುವ ಹಠಾತ್ ಶ್ರಮ ಸೇರಿದರೆ, ವರ್ಷವಿಡೀ ಹೆಚ್ಚು ಅಲುಗಾಡದ ಹಿರಿಯರ ಹೃದಯಕ್ಕೆ ಅಪಾಯ. ಭಾರೀ ಹಿಮ ಬಿದ್ದ ದಿನಗಳ ಬೆನ್ನಿಗೇ ಹೃದಯಾಘಾತಗಳು ಹೆಚ್ಚುವುದನ್ನು ವೈದ್ಯರು ಬಲ್ಲರು. ನೆರೆಯ ಯುವಕರೊಬ್ಬರನ್ನು ಗೊತ್ತುಮಾಡಿ, ಅಥವಾ ನೀವೇ ಹಿಮ ಹಗುರವಾಗಿರುವಾಗ ಸ್ವಲ್ಪಸ್ವಲ್ಪವಾಗಿ, ಎತ್ತದೆ ತಳ್ಳಿ ತೆಗೆಯಿರಿ. ಆದರೆ ಅವರು ಸಲಿಕೆ ಹಿಡಿಯುತ್ತಿರುವುದೇಕೆ ಎಂಬುದನ್ನೂ ಯೋಚಿಸಿ. ಮನೆಗೆ ತಾನು ಇನ್ನೂ ಉಪಯೋಗಕ್ಕೆ ಬರುತ್ತೇನೆ ಎಂದು ಅವರಿಗೆ ಅನ್ನಿಸುವ ಕೆಲಸ ಬಹುಶಃ ಅದೊಂದೇ ಉಳಿದಿದೆ. ಅದನ್ನು ತೆಗೆದುಕೊಳ್ಳುವಾಗ ಬದಲಿಗೆ ಇನ್ನೊಂದನ್ನು ಅವರಿಗೆ ಒಪ್ಪಿಸಬೇಕು.

ಒತ್ತಾಯವೂ ಬೇಡ, ಬಿಟ್ಟುಬಿಡುವುದೂ ಬೇಡ. ಬಿದ್ದವರ ಭಯ ಬುದ್ಧಿಮಾತಿಗೆ ಕರಗುವಂಥದಲ್ಲ, ಬೀಳದೆ ನಡೆದ ನಡಿಗೆಗಳಿಂದ ಕರಗುತ್ತದೆ. ಬೂಟಿನ ಅಡಿಗೆ ತೊಡಿಸುವ, ಚಿಕ್ಕ ಉಕ್ಕಿನ ಮೊಳೆಗಳಿರುವ ರಬ್ಬರಿನ ಪಟ್ಟಿಗಳು ಸಿಗುತ್ತವೆ. ಅವನ್ನು ಕುಳಿತು ತೊಡುವಂತೆ ಬಾಗಿಲ ಬಳಿ ಕುರ್ಚಿಯೊಂದನ್ನು ಇಡಿ, ನುಣುಪಾದ ಒಳನೆಲಕ್ಕೆ ಬಂದ ಕೂಡಲೇ ಬಿಚ್ಚಿಸಿ, ಏಕೆಂದರೆ ಅಲ್ಲಿ ಅವೇ ಜಾರುತ್ತವೆ. ನಡೆಯುವಾಗ ಹೆಜ್ಜೆ ಗಿಡ್ಡದಾಗಿರಲಿ, ಪಾದ ಸಮತಟ್ಟಾಗಿ ಊರಲಿ, ಮೈಯ ಭಾರ ಮುಂದಿನ ಪಾದದ ಮೇಲಿರಲಿ, ಕೈಗಳು ಜೇಬಿನಿಂದ ಹೊರಗಿರಲಿ. ಮಂಜುಗಡ್ಡೆ ಅತಿ ಹೆಚ್ಚು ಜಾರುವುದು ಉಷ್ಣಾಂಶ ಸೊನ್ನೆಯ ಆಸುಪಾಸಿನಲ್ಲಿದ್ದು ಅದರ ಮೇಲೆ ನೀರಿನ ತೆಳುಪದರ ನಿಂತಾಗ. ಹಾಗಾಗಿ ‘ಇವತ್ತು ಚಳಿ ಕಡಿಮೆ, ಬನ್ನಿ’ ಎಂದು ಕರೆಯುವ ದಿನವೇ ಹೆಚ್ಚು ಅಪಾಯದ್ದಾಗಿರಬಹುದು. ಮೈನಸ್ 12ರ ಒಣ ಬಿಸಿಲಿನ ದಿನ ಹೆಚ್ಚು ಸುರಕ್ಷಿತ. ಮನೆಯ ಮುಂದಿನ ಮೆಟ್ಟಿಲಿಗೆ ಹಾಕುವ ಉಪ್ಪು ಸುಮಾರು ಮೈನಸ್ 10ಕ್ಕಿಂತ ಕೆಳಗೆ ಹೆಚ್ಚು ಕೆಲಸ ಮಾಡುವುದಿಲ್ಲ, ಆಗ ಮರಳು ಚೆಲ್ಲಿ.

ನಿಮ್ಮ ಊರಿನಲ್ಲಿ ಇನ್ನೊಂದು ಅನುಕೂಲವಿದೆ. ಮಿನಿಯಾಪೊಲಿಸ್‌ನ ನಡುಪೇಟೆಯ ಕಟ್ಟಡಗಳನ್ನು ಎರಡನೆಯ ಅಂತಸ್ತಿನ ಎತ್ತರದಲ್ಲಿ ಜೋಡಿಸುವ ಗಾಜಿನ ಸ್ಕೈವೇಗಳ ಜಾಲ 1962ರಿಂದ ಬೆಳೆದುಬಂದಿದ್ದು, ಹಿಮವನ್ನು ಮೆಟ್ಟದೆಯೇ ಅಲ್ಲಿ ಕಿಲೋಮೀಟರುಗಟ್ಟಲೆ ನಡೆಯಬಹುದು. ವಾರಕ್ಕೆರಡು ದಿನ ಅಲ್ಲಿಂದಲೇ ಆರಂಭಿಸಿ. ಗಾಜಿನ ಆಚೆ ಬೀಳುವ ಹಿಮವನ್ನು ಭಯವಿಲ್ಲದೆ ನೋಡುತ್ತ ಅರ್ಧ ಗಂಟೆ ನಡೆದ ಮೇಲೆ, ಮೂರನೆಯ ವಾರ ಮನೆಯ ಮುಂದಿನ ಹತ್ತು ಹೆಜ್ಜೆಗಳನ್ನು ನಿಮ್ಮ ತೋಳು ಹಿಡಿದು ನಡೆಯಲು ಅವರು ಒಪ್ಪುವ ಸಾಧ್ಯತೆ ಹೆಚ್ಚು. ಅಲ್ಲಿಂದ ಬರುವಾಗ ದಾರಿಯ ಗ್ರಂಥಾಲಯದಿಂದ ಮೊಮ್ಮಕ್ಕಳಿಗೆ ಪುಸ್ತಕ ತರುವ ಹೊಣೆಯನ್ನು ಅವರಿಗೇ ಒಪ್ಪಿಸಿ. ಸಲಿಕೆಯ ಬದಲಿಗೆ ಕೊಡಬೇಕೆಂದು ಹೇಳಿದ ಕೆಲಸ ಇಂಥದು. ಮೂಳೆಯ ಸಾಂದ್ರತೆಯನ್ನೂ, ಮಾತು ಕಡಿಮೆಯಾಗಿರುವುದನ್ನೂ ವೈದ್ಯರ ಗಮನಕ್ಕೆ ತನ್ನಿ. ವಯಸ್ಸಾದಂತೆ ಚಳಿಯ ಅರಿವೇ ಮಂದವಾಗುವುದರಿಂದ, ಅವರು ಸಾಕೆಂದರೂ ಮನೆಯೊಳಗಿನ ಉಷ್ಣಾಂಶವನ್ನು ವಿಶ್ವ ಆರೋಗ್ಯ ಸಂಸ್ಥೆ ಸೂಚಿಸಿದ 18 ಡಿಗ್ರಿಗಿಂತ ಕೆಳಗಿಳಿಸಬೇಡಿ.

ಪ್ರಶ್ನೆ: ವಿದ್ಯುತ್ ಹೋದಾಗ ಮನೆಯೊಳಗೆ ಇದ್ದಿಲಿನ ಒಲೆ ಹಚ್ಚಬಹುದೇ?

ಉತ್ತರ: ಖಂಡಿತ ಬೇಡ. ಇದ್ದಿಲು, ಜನರೇಟರ್, ಗ್ಯಾರೇಜಿನಲ್ಲಿ ಚಾಲೂ ಇಟ್ಟ ಕಾರು, ಎಲ್ಲವೂ ಬಣ್ಣವಾಗಲಿ ವಾಸನೆಯಾಗಲಿ ಇಲ್ಲದ ಕಾರ್ಬನ್ ಮಾನಾಕ್ಸೈಡನ್ನು ಉಗುಳುತ್ತವೆ; ತಲೆನೋವು, ತಲೆಸುತ್ತು, ವಾಕರಿಕೆ ಕಾಣಿಸಿಕೊಂಡರೆ ಒಡನೆಯೇ ಹೊರಗೆ ಹೋಗಬೇಕು. ಮಲಗುವ ಕೋಣೆಯ ಬಳಿ ಅದರ ಎಚ್ಚರಿಕೆ ಗಂಟೆ ಅಳವಡಿಸಿ. ಹಿಮಪಾತದ ನಂತರ ಹೀಟರಿನ ಹೊಗೆಕೊಳವೆಯ ಬಾಯನ್ನೂ, ಕಾರು ಶುರುಮಾಡುವ ಮೊದಲು ಅದರ ಹಿಂಬದಿಯ ಕೊಳವೆಯನ್ನೂ ಹಿಮದಿಂದ ಬಿಡಿಸಿ.

ಪ್ರಶ್ನೆ: ಹೆಲ್ಸಿಂಕಿಯಲ್ಲಿ ಇದು ನಮ್ಮ ಒಂಬತ್ತನೆಯ ಚಳಿಗಾಲ. ಬಟ್ಟೆ, ದೀಪ, ಮಾತ್ರೆ ಎಲ್ಲವೂ ಇವೆ, ಕಾಯಿಲೆಯೇನೂ ಇಲ್ಲ. ಆದರೂ ಪ್ರತಿ ಫೆಬ್ರುವರಿಯಲ್ಲಿ ಇದು ಮುಗಿಯುವುದೇ ಇಲ್ಲ ಎನ್ನಿಸುತ್ತದೆ. ಊರು ಬಿಡುವ ಬಗ್ಗೆ ಪತಿಯೊಂದಿಗೆ ವಾದವಾಗುತ್ತದೆ. ಇಷ್ಟು ವರ್ಷವಾದರೂ ಒಗ್ಗದವರು ಮುಂದೆ ಒಗ್ಗುತ್ತಾರೆಯೇ?

ಉತ್ತರ: ಕೆಲವರು ಒಗ್ಗುವುದಿಲ್ಲ, ಹಾಗೆಂದು ಹೇಳಲು ನಾಚಬೇಕಿಲ್ಲ, ಬೇರೆ ಊರಿಗೆ ಹೋಗುವುದು ಸೋಲೂ ಅಲ್ಲ. ಆದರೆ ಆ ತೀರ್ಮಾನವನ್ನು ಫೆಬ್ರುವರಿಯಲ್ಲಿ ತೆಗೆದುಕೊಳ್ಳಬೇಡಿ. ಜೂನ್‌ನಲ್ಲಿ ರಾತ್ರಿ ಹತ್ತೂವರೆಗೂ ಬೆಳಕಿರುವಾಗ ಇಬ್ಬರೂ ಕುಳಿತು ಇದೇ ಪ್ರಶ್ನೆಯನ್ನು ಮತ್ತೆ ಕೇಳಿಕೊಳ್ಳಿ. ಆಗಲೂ ಉತ್ತರ ಇದೇ ಆಗಿದ್ದರೆ ಅದು ನಂಬಬಹುದಾದ ಉತ್ತರ.

ಫೆಬ್ರುವರಿ ಏಕೆ ಹೆಚ್ಚು ಕಷ್ಟವೆನಿಸುತ್ತದೆ ಎಂಬುದಕ್ಕೆ ಕಾರಣವಿದೆ. ಹಗಲು ಅತಿ ಚಿಕ್ಕದಾಗುವುದು ಡಿಸೆಂಬರ್ 21ರ ಸುಮಾರಿಗೆ. ಹೆಲ್ಸಿಂಕಿಯಲ್ಲಿ ಆಗ ಆರು ಗಂಟೆಗೂ ಕಡಿಮೆ ಹಗಲು. ಆದರೆ ನೆಲವೂ ಸಮುದ್ರವೂ ತಮ್ಮಲ್ಲುಳಿದ ಶಾಖವನ್ನು ನಿಧಾನವಾಗಿ ಕಳೆದುಕೊಳ್ಳುತ್ತ ಹೋಗುವುದರಿಂದ ಚಳಿಯ ಪರಾಕಾಷ್ಠೆ ತಡವಾಗಿ ಬರುತ್ತದೆ, ನಿಮ್ಮ ಊರಿನಲ್ಲಿ ಸರಾಸರಿ ಅತಿ ಶೀತದ ತಿಂಗಳು ಫೆಬ್ರುವರಿಯೇ. ಹಬ್ಬದ ದೀಪಗಳು ಇಳಿದಿರುತ್ತವೆ, ರಜೆ ಮುಗಿದಿರುತ್ತದೆ, ಎದುರುನೋಡಲು ಏನೂ ಉಳಿದಿರುವುದಿಲ್ಲ. ಶೀತ ನಗರಗಳು ತಮ್ಮ ದೊಡ್ಡ ಚಳಿಗಾಲದ ಉತ್ಸವಗಳನ್ನು ಈ ಹೊತ್ತಿಗೇ ಇಟ್ಟುಕೊಂಡಿರುವುದು ಸುಮ್ಮನೆ ಅಲ್ಲ ಎಂದು ನನಗೆ ಅನ್ನಿಸುತ್ತದೆ: 1950ರಲ್ಲಿ ಶುರುವಾದ ಜಪಾನಿನ ಸಪ್ಪೊರೊದ ಹಿಮೋತ್ಸವವೂ, ಕೆನಡಾದ ಕ್ವೆಬೆಕ್‌ನ ಚಳಿಗಾಲದ ಕಾರ್ನಿವಲ್ಲೂ ಫೆಬ್ರುವರಿಯಲ್ಲಿ ನಡೆಯುತ್ತವೆ. ನಾರ್ವೆಯ ಟ್ರೊಮ್ಸೊದಲ್ಲಿ ನವೆಂಬರ್ ಕೊನೆಯಿಂದ ಜನವರಿ ಮಧ್ಯದವರೆಗೆ ಸೂರ್ಯ ಬಾನಂಚಿನ ಮೇಲೆ ಬರುವುದೇ ಇಲ್ಲ. ಅವನು ಮರಳಿ ಕಾಣಿಸಿಕೊಳ್ಳುವ ದಿನವನ್ನು ಅಲ್ಲಿಯವರು ಜನವರಿ 21ರಂದು ಆಚರಿಸುತ್ತಾರೆ. ಆ ಊರಿನವರಲ್ಲಿ ಚಳಿಗಾಲದ ಬಗ್ಗೆ ಒಳ್ಳೆಯ ಭಾವನೆಯಿಟ್ಟುಕೊಂಡವರೇ ಹೆಚ್ಚು ನೆಮ್ಮದಿಯಿಂದಿದ್ದರೆಂದು ಅಧ್ಯಯನವೊಂದು ಕಂಡುಕೊಂಡಿದೆ. ಭಾವನೆಯಿಂದ ನೆಮ್ಮದಿಯೋ, ನೆಮ್ಮದಿಯಿಂದ ಭಾವನೆಯೋ ಎಂಬುದು ಅದರಿಂದ ಇತ್ಯರ್ಥವಾಗುವುದಿಲ್ಲವಾದರೂ, ಚಳಿಗಾಲದಲ್ಲಿ ಮಾತ್ರ ಮಾಡಬಹುದಾದ ಯಾವುದನ್ನಾದರೂ ಪ್ರೀತಿಸುವವರು ಅದನ್ನು ಹೆಚ್ಚು ಸುಲಭವಾಗಿ ದಾಟುತ್ತಾರೆ ಎಂಬುದನ್ನು ನಾನು ಅನೇಕರಲ್ಲಿ ಕಂಡಿದ್ದೇನೆ.

ನಿಮ್ಮ ಪತ್ರದಲ್ಲಿ ಬಟ್ಟೆ, ದೀಪ, ಮಾತ್ರೆಗಳಿವೆ. ಅಂಥ ಒಂದು ಪ್ರೀತಿಯ ಉಲ್ಲೇಖವಿಲ್ಲ. ಈ ತಿಂಗಳಿಗಾಗಿ ಇಬ್ಬರೂ ಸೇರಿ ಏನನ್ನಾದರೂ ಕಲಿಯಿರಿ. ಸ್ಕೀ ಆಗಬಹುದು, ಸ್ಕೇಟಿಂಗ್ ಆಗಬಹುದು, ನಿಮ್ಮ ಊರಿನ ಸಾರ್ವಜನಿಕ ಸೌನಾ, ಅಂದರೆ ಬಿಸಿ ಹಬೆಯ ಸ್ನಾನದ ಕೋಣೆ, ಆಗಬಹುದು. ಸೌನಾ ಸಂಸ್ಕೃತಿಯನ್ನು ಯುನೆಸ್ಕೊ 2020ರಲ್ಲಿ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿತು; ಆದರೆ ಅದರ ನಿಜವಾದ ಬೆಲೆ ತಿಳಿಯುವುದು ಬಿಸಿ ಹಲಗೆಯ ಮೇಲೆ ಅಪರಿಚಿತರೊಂದಿಗೆ ಕುಳಿತು, ಒಂಬತ್ತು ವರ್ಷ ಬರೀ ನಮಸ್ಕಾರಕ್ಕೆ ನಿಂತಿದ್ದ ನೆರೆಯವರು ಮಾತಿಗಿಳಿದಾಗ. ಹೃದಯದ ತೊಂದರೆಯಿದ್ದರೆ ಮಾತ್ರ ಮೊದಲು ವೈದ್ಯರನ್ನು ಕೇಳಿ.

ಇನ್ನೊಂದು ಚಿಕ್ಕ ಅಭ್ಯಾಸವನ್ನು ಹೇಳುತ್ತೇನೆ. ಹೆಲ್ಸಿಂಕಿಯಲ್ಲಿ ಫೆಬ್ರುವರಿಯ ಪ್ರತಿ ಹಗಲು ಹಿಂದಿನದಕ್ಕಿಂತ ಐದು ನಿಮಿಷಕ್ಕೂ ಹೆಚ್ಚು ದೊಡ್ಡದಾಗಿರುತ್ತದೆ. ತಿಂಗಳು ಮುಗಿಯುವಷ್ಟರಲ್ಲಿ ಎರಡು ಗಂಟೆಗೂ ಮಿಗಿಲಾದ ಬೆಳಕು ಸೇರಿರುತ್ತದೆ. ಬಾಗಿಲ ಬಳಿಯ ಕ್ಯಾಲೆಂಡರಿನಲ್ಲಿ ಪ್ರತಿ ಭಾನುವಾರದ ಸೂರ್ಯಾಸ್ತದ ಸಮಯವನ್ನು ಬರೆಯಿರಿ, ಆ ಹೊತ್ತಿಗೆ ಇಬ್ಬರೂ ಹೊರಗಿದ್ದು ಅದನ್ನು ನೋಡಿ ಬನ್ನಿ. ನಾಲ್ಕನೆಯ ಭಾನುವಾರದ ನಡಿಗೆಗೆ ನೀವು ಮೊದಲನೆಯದಕ್ಕಿಂತ ಒಂದು ಗಂಟೆ ತಡವಾಗಿ ಹೊರಟರೂ ಬೆಳಕಿರುತ್ತದೆ.